ಸಂಶೋಧನಾರ್ಥಿಯ ಪ್ರಕಟಣೆಗಳು: ಅಭಾವ ಪದಾರ್ಥದ ದೃಷ್ಟಿಯಿಂದ ಒಂದು ಅಧ್ಯಯನ

ತತ್ತ್ವಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುವವರ ಬಯೋಡೇಟಾದಲ್ಲಿ ಎರಡು ಭಾಗಗಳು ತಪ್ಪದೆ ಇರುತ್ತವೆ: ಸಂಶೋಧನಾಸಕ್ತಿ ಮತ್ತು ಪ್ರಕಟಣೆ. ಮೊದಲನೆಯದು ಉದ್ದ, ಎರಡನೆಯದು ಗಿಡ್ಡ. ಇದಕ್ಕೆ ಸೋಮಾರಿತನ ಕಾರಣವೆಂಬ ಮತ ಅಶಾಸ್ತ್ರೀಯ. ವೈಶೇಷಿಕ ದರ್ಶನದ ಕಣಾದನ ಸೂತ್ರ ಎಣಿಸುವುದು ಆರು ಪದಾರ್ಥಗಳನ್ನು. ಏಳನೆಯದಾಗಿ ಅಭಾವವನ್ನು, ಅಂದರೆ ಇಲ್ಲದಿರುವಿಕೆಯನ್ನು, ಸೇರಿಸಿದವರು ನಂತರದ ವೈಶೇಷಿಕರು. ಪ್ರಕಟಣೆಗಳ ಪಟ್ಟಿಯನ್ನು ವಿವರಿಸಲು ಬೇಕಾದ ಸಲಕರಣೆ ಅಂದೇ ಸಿದ್ಧವಾಗಿತ್ತು.

ಮೊದಲು ಆಸಕ್ತಿಯ ಲಕ್ಷಣ. ‘ವಿದ್ಯಾರ್ಥಿಗೆ ಇಷ್ಟವಾದದ್ದು’ ಎಂದರೆ ಅತಿವ್ಯಾಪ್ತಿ, ಕ್ರಿಕೆಟ್ಟೂ ಮಸಾಲೆದೋಸೆಯೂ ಒಳಗೆ ಬರುತ್ತವೆ. ‘ವಿದ್ಯಾರ್ಥಿ ಓದಿದ್ದು’ ಎಂದರೆ ಅವ್ಯಾಪ್ತಿ, ಪಟ್ಟಿಯ ಬಹುಪಾಲು ಹೊರಗುಳಿಯುತ್ತದೆ. ‘ಗೈಡ್ ಬೇಡವೆನ್ನದ, ಸೆಮಿನಾರಿನ ಕರಪತ್ರದಲ್ಲಿ ಕಂಡ ವಿಷಯ’ ಎಂಬುದೇ ನಿರ್ದುಷ್ಟ ಲಕ್ಷಣ. ಆದ್ದರಿಂದಲೇ ಅದ್ವೈತ, ಹೈಡೆಗ್ಗರ್, ಪರಿಸರ ನೀತಿ, ಕೃತಕ ಬುದ್ಧಿಮತ್ತೆ ಒಂದೇ ಸಾಲಿನಲ್ಲಿ ಕೂರುತ್ತವೆ. ಕೊನೆಯದರ ಜಾಗದಲ್ಲಿ ಮೊದಲು ಆಧುನಿಕೋತ್ತರವಾದ ಇತ್ತು. ಗೈಡ್ ನಿವೃತ್ತರಾದರೆ ಆಸಕ್ತಿಗೂ ವರ್ಗಾವಣೆ.

ಅಭಾವದ ನಾಲ್ಕು ಬಗೆಗಳಲ್ಲಿ ಪ್ರಕಟಣೆಗಳಿಗೆ ಮುಖ್ಯವಾದದ್ದು ಪ್ರಾಗಭಾವ, ಅಂದರೆ ವಸ್ತು ಹುಟ್ಟುವ ಮುನ್ನ ಅದು ಇಲ್ಲದಿರುವುದು. ಇದಕ್ಕೆ ಆದಿಯಿಲ್ಲ, ಅಂತ್ಯವುಂಟು ಎನ್ನುತ್ತಾರೆ ನೈಯಾಯಿಕರು. ಆದಿಯ ವಿಷಯದಲ್ಲಂತೂ ಸಂದೇಹವಿಲ್ಲ. ಬಯೋಡೇಟಾದಲ್ಲಿ ‘ಸಿದ್ಧವಾಗುತ್ತಿದೆ’ ಎಂದಿದ್ದರೆ ಶೀರ್ಷಿಕೆ ಸಿದ್ಧವಾಗಿದೆ ಎಂದರ್ಥ. ‘ಪರಿಶೀಲನೆಯಲ್ಲಿದೆ’ ಎಂದರೆ ಇಮೇಲ್ ಹೋಗಿದೆ, ಉತ್ತರ ಬಂದಿಲ್ಲ. ‘ಅಚ್ಚಿನಲ್ಲಿದೆ’ ಎಂದರೆ ದುಡ್ಡು ಕಟ್ಟಿಯಾಗಿದೆ. ಥೀಸಿಸ್ ಸಲ್ಲಿಸುವ ಮುನ್ನ ಒಂದು ಲೇಖನ ಪ್ರಕಟವಾಗಬೇಕು, ಎರಡು ಪ್ರಬಂಧ ಮಂಡಿಸಬೇಕು ಎಂದು ಯುಜಿಸಿಯ 2016ರ ನಿಯಮ ಹೇಳಿದಾಗ ಪ್ರಾಗಭಾವದ ಅಂತ್ಯಕ್ಕೆ ಸರ್ಕಾರಿ ಮುಹೂರ್ತವೂ ಸಿಕ್ಕಿತು. ಮಂಡನೆ ನಡೆಯುವುದು ಊಟದ ನಂತರದ ಗೋಷ್ಠಿಯಲ್ಲಿ. ಪೀಠಿಕೆ ಮುಗಿಯುವ ಹೊತ್ತಿಗೆ ಅಧ್ಯಕ್ಷರ ಚೀಟಿ ಬರುತ್ತದೆ. ಮುಂದಿನ ಸಾಲಿನಲ್ಲಿ ಕೂತವರೆಲ್ಲ ತಮ್ಮ ಸರದಿಗೆ ಕಾದವರು. ಹೊರಗೆ ಮೇಜಿನ ಮೇಲೆ ಮೊದಲೇ ಸಹಿಯಾದ ಸರ್ಟಿಫಿಕೇಟುಗಳ ಕಟ್ಟು ಇರುತ್ತದೆ, ಹೆಸರು ಬರೆದುಕೊಳ್ಳಲು ಸ್ಕೆಚ್ ಪೆನ್ನೂ ಇರುತ್ತದೆ. 2022ರ ನಿಯಮಾವಳಿ ಈ ಕಡ್ಡಾಯವನ್ನು ಕೈಬಿಟ್ಟಿತು. ಸರ್ಟಿಫಿಕೇಟಿನ ಫೈಲು ಮಾತ್ರ ದಪ್ಪವಾಗುತ್ತಲೇ ಇದೆ.

ಪ್ರಧ್ವಂಸಾಭಾವಕ್ಕೆ, ಅಂದರೆ ಇದ್ದದ್ದು ನಾಶವಾಗಿ ಇಲ್ಲವಾಗುವುದಕ್ಕೆ, ಆದಿಯುಂಟು, ಅಂತ್ಯವಿಲ್ಲ. ಲೇಖನ ಬಂದ ಪತ್ರಿಕೆ ಮಾನ್ಯ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿಯಿಂದ ಬಿದ್ದುಹೋಗುವುದು ಇದರ ಪ್ರಸಿದ್ಧ ಉದಾಹರಣೆಯಾಗಿತ್ತು. 2025ರ ಫೆಬ್ರವರಿಯಲ್ಲಿ ಪಟ್ಟಿಯನ್ನೇ ರದ್ದು ಮಾಡಿದ್ದರಿಂದ ಉದಾಹರಣೆಯೂ ಪ್ರಧ್ವಂಸಕ್ಕೆ ಸೇರಿತು.

ಅನ್ಯೋನ್ಯಾಭಾವ, ಅಂದರೆ ಒಂದು ಇನ್ನೊಂದಲ್ಲದಿರುವುದು, ಸುಲಭ: ಘಟ ಪಟವಲ್ಲ, ಶೀರ್ಷಿಕೆ ಲೇಖನವಲ್ಲ. ‘ಶಂಕರ ಮತ್ತು ಕಾಂಟ್: ಒಂದು ತೌಲನಿಕ ಅಧ್ಯಯನ’ದ ಪೂರ್ವಾರ್ಧದಲ್ಲಿ ಶಂಕರರಿದ್ದಾರೆ, ಉತ್ತರಾರ್ಧದಲ್ಲಿ ಕಾಂಟ್ ಇದ್ದಾನೆ. ಇಬ್ಬರ ಭೇಟಿ ‘ಮತ್ತು’ವಿನಲ್ಲಿ ಮಾತ್ರ.

ಇಲ್ಲಿ ಪೂರ್ವಪಕ್ಷವೊಂದುಂಟು. ತತ್ತ್ವಜ್ಞಾನಿ ಎಡ್ಮಂಡ್ ಗೆಟಿಯರ್ 1963ರಲ್ಲಿ ‘ಅನಾಲಿಸಿಸ್’ ಪತ್ರಿಕೆಯಲ್ಲಿ ಬರೆದದ್ದು ಮೂರೇ ಪುಟ. ಸಮರ್ಥಿತವಾದ ನಿಜ ನಂಬಿಕೆಯೇ ಜ್ಞಾನ ಎಂಬ ವ್ಯಾಖ್ಯೆ ಅದರಿಂದ ಅಲುಗಾಡಿತು. ಆಮೇಲೆ ಆತ ಪ್ರಕಟಿಸಿದ್ದು ಅತ್ಯಲ್ಪ. ಆದ್ದರಿಂದ ಗಿಡ್ಡ ಪಟ್ಟಿ ದೋಷವಲ್ಲವೆಂದು ವಾದ. ಸಿದ್ಧಾಂತಿಯ ಉತ್ತರ: ದೃಷ್ಟಾಂತ ಸಲ್ಲದು, ಗೆಟಿಯರ್‌ಗೆ ಆಗಲೇ ನೌಕರಿಯಿತ್ತು. ಮೇಲಾಗಿ ಇಂದು ಆ ಮೂರು ಪುಟ ‘ಸಾಹಿತ್ಯ ಸಮೀಕ್ಷೆ ಸೇರಿಸಿ’ ಎಂಬ ಷರಾದೊಂದಿಗೆ ವಾಪಸ್ಸು ಬರುತ್ತದೆ.

ಉಳಿದದ್ದು ಅತ್ಯಂತಾಭಾವ, ಮೂರು ಕಾಲದಲ್ಲೂ ಇಲ್ಲದಿರುವುದು. ಗಾಳಿಗೆ ಬಣ್ಣವಿಲ್ಲದಿರುವುದು ಇದರ ಹಳೆಯ ಉದಾಹರಣೆ, ಪ್ರಕಟಿತ ಲೇಖನಕ್ಕೆ ಓದುಗನಿಲ್ಲದಿರುವುದು ಹೊಸದು. ಕೃತಿಚೌರ್ಯದ ಮೇಲೆ 2018ರಲ್ಲಿ ನಿಯಮ ಬಂದ ಮೇಲೆ ಇದೂ ವಿವಾದಕ್ಕೆ ಸಿಕ್ಕಿದೆ. ಚೌರ್ಯ ಪತ್ತೆಹಚ್ಚುವ ತಂತ್ರಾಂಶ ಪ್ರತಿ ಸಾಲನ್ನೂ ನೋಡುವುದರಿಂದ ಅದೇ ಓದುಗನೆಂದು ನವ್ಯರ ಮತ. ಚೈತನ್ಯವಿಲ್ಲದ್ದು ಓದಲಾರದೆಂದು ಪ್ರಾಚೀನರು. ನವ್ಯರು ಬಿಡುವುದಿಲ್ಲ: ಶೇಕಡಾ 10ರೊಳಗಿನ ಹೋಲಿಕೆಯನ್ನು ಅದು ಕ್ಷಮಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಯಾರಿಂದ ತೆಗೆದದ್ದೆಂದು ಹೇಳುತ್ತದೆ, ಗೈಡ್ ಇಷ್ಟನ್ನೂ ಮಾಡುವುದಿಲ್ಲ.