ಬ್ಯಾಡ, ಎರಡು, ನಾಲ್ಕು, ಆರು

ದೊಡ್ಡಮಾವ ನಾಲ್ಕಕ್ಕೂ ಗುರುತು ಹಾಕಿದ್ದರು. ನಾಲ್ಕಕ್ಕೂ!

ನಾವು ಬಳ್ಳಾರಿಯಿಂದ ಇಂಗ್ಲೆಂಡಿನ ರೆಡಿಂಗಿಗೆ ವಾಪಸು ಬಂದು ವಾರವಾಯಿತು. ಸೂಟ್‌ಕೇಸಿನಲ್ಲಿ ಗುರೆಳ್ಳು ಪುಡಿಯ ಘಮ ಇನ್ನೂ ಕೂತಿದೆ, ಖಡಕ್ ರೊಟ್ಟಿಯ ಡಬ್ಬಿ ಅರ್ಧಕ್ಕೆ ಇಳಿದಿದೆ. ಆದರೂ ಪಾತ್ರೆ ತೊಳೆಯುತ್ತಾ ನಿಂತಾಗ ಆ ನಾಲ್ಕು ಗುರುತು ನೆನಪಾಗಿ ನಗು ಉಕ್ಕುತ್ತದೆ. ಹಿಂದೆಯೇ ಗಂಡನ ಮುಖ ಕಾಣಿಸಿ ಸಿಟ್ಟೂ ಉಕ್ಕುತ್ತದೆ.

ಆದದ್ದಿಷ್ಟು. 2024ರ ಡಿಸೆಂಬರ್ 30, ಸೋಮವಾರ, ಎಳ್ಳ ಅಮಾವಾಸ್ಯೆ. ನನ್ನ ಗಂಡನ ಊರು ಸಂಗನಕಲ್ಲು, ಬಳ್ಳಾರಿಯಿಂದ ಏಳೆಂಟು ಕಿಲೋಮೀಟರು. ಅವತ್ತು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣಬೇಕು. ಮಗಳ ಕ್ರಿಸ್ಮಸ್ ರಜೆಗೂ ಎಳ್ಳ ಅಮಾವಾಸ್ಯೆಗೂ ಈ ಸಲ ಹೊಂದಿಕೆಯಾಗಿತ್ತು. ಆ ಸಂತೋಷದಲ್ಲಿ ನನ್ನ ಗಂಡ, ‘ಈ ಸಲ ಊಟ ನಮ್ಮದು, ಅವ್ವ ಕೈಕಟ್ಟಿ ಕೂತಿರಲಿ’ ಎಂದು ಸಾರಿಬಿಟ್ಟ. ಮೈಸೂರು ಕಡೆಯಿಂದ ಬಂದ ನಾನು ಬಡಿದ ಜೋಳದ ರೊಟ್ಟಿ ಇಂಡಿಯಾದ ಭೂಪಟದಂತೆ ಆಗುತ್ತದೆ ಎಂಬುದು ಅವನಿಗೆ ಗೊತ್ತು. ಒಮ್ಮೊಮ್ಮೆ ಶ್ರೀಲಂಕಾ ಕೂಡ ಬೇರೆಯಾಗಿ ಬಂದಿರುತ್ತದೆ.

ಇರಲಿ. ಊಟ ಹಾಕುವವನು ಊಟ ಹಾಕಬೇಕಿತ್ತು. ಇವನು ಮೊದಲು ಲೆಕ್ಕ ಹಾಕಲು ಕೂತ.

ಅವನದೂ ತಪ್ಪಿಲ್ಲ ಬಿಡಿ. ನಾವಿರುವ ಕಡೆ ಒಂದು ಲೋಟ ಕಾಫಿಗೆ ಕರೆಯುವುದಾದರೂ ಮೂರು ವಾರ ಮೊದಲೇ ಕ್ಯಾಲೆಂಡರ್ ತೆರೆಯಬೇಕು. ದೀಪಾವಳಿ ಊಟಕ್ಕೂ ಟಿಕೆಟ್ಟು. ದೊಡ್ಡವರಿಗೆ ಇಷ್ಟು, ಐದು ವರ್ಷದೊಳಗಿನ ಮಕ್ಕಳಿಗೆ ಪುಕ್ಕಟೆ. ಹಾಗಾಗಿ ನಮ್ಮವರ ಕೆಲವು ಮಕ್ಕಳು ಐದನೇ ವರ್ಷದಲ್ಲೇ ಎರಡು ಮೂರು ದೀಪಾವಳಿ ಕಳೆಯುತ್ತವೆ. ಹದಿನಾಲ್ಕು ವರ್ಷ ಹೀಗೆ ಬದುಕಿದವನಿಗೆ ತಲೆ ಎಣಿಸದೆ ಒಲೆ ಹಚ್ಚಲು ಕೈ ಬರುವುದಿಲ್ಲ. ವಿಮಾನದ ನಿದ್ದೆ ಕೆಟ್ಟು ಬೆಳಗಿನ ಜಾವ ಮೂರಕ್ಕೇ ಎದ್ದು ಕೂತವನು, ಮನೆಯವರೆಲ್ಲ ಇರುವ ವಾಟ್ಸಾಪ್ ಗುಂಪಿನಲ್ಲಿ ಒಂದು ಪೋಲ್ ಹಾಕಿದ:

‘ಚರಗದ ಊಟಕ್ಕೆ ನಿಮಗೆ ಎಷ್ಟು ರೊಟ್ಟಿ ಬೇಕು? 2 / 4 / 6 / ರೊಟ್ಟಿ ಬೇಡ.’

ಒಬ್ಬರು ಹಲವು ಉತ್ತರ ಕೊಡಬಹುದು ಎಂಬ ಗುಂಡಿಯೊಂದಿರುತ್ತದೆ. ಅದನ್ನು ಆರಿಸಲು ಮರೆತ.

ಬೆಳಗಾಗುವಷ್ಟರಲ್ಲಿ ಫಲಿತಾಂಶ ಬಂದಿತ್ತು. ಸೋದರತ್ತೆಯ ಮಗ ಆರಕ್ಕೆ ಒತ್ತಿ, ನಾಚಿಕೆಯಾಗಿ ತೆಗೆದು, ನಾಲ್ಕಕ್ಕೆ ಒತ್ತಿ, ಹಸಿವಾಗಿ ಮತ್ತೆ ಆರಕ್ಕೆ ಒತ್ತಿದ್ದ. ಕುರುಗೋಡಿನ ಸೋದರಮಾವ ಒತ್ತಲೇ ಇಲ್ಲ. ಫೋನ್ ಮಾಡಿ, ‘ಆರಕ್ಕೇ ನಿಲ್ಲಿಸೀಯಲ್ಲೋ, ಮುಂದಿಂದು ಎಲ್ಲೈತಿ?’ ಎಂದು ಕೇಳಿದರು. ದೊಡ್ಡಮಾವ, ವಯಸ್ಸು ಎಪ್ಪತ್ತೆಂಟು, ಎರಡಕ್ಕೂ, ನಾಲ್ಕಕ್ಕೂ, ಆರಕ್ಕೂ, ‘ರೊಟ್ಟಿ ಬೇಡ’ಕ್ಕೂ ಗುರುತು ಹಾಕಿ ಹಾಯಾಗಿ ಹಲ್ಲುಜ್ಜುತ್ತಿದ್ದರು.

ನನ್ನ ಗಂಡ ಲ್ಯಾಪ್‌ಟಾಪ್ ತೆರೆದ. ಎರಡು, ನಾಲ್ಕು, ಆರು ಕೂಡಿದರೆ ಹನ್ನೆರಡು. ‘ಬೇಡ’ವನ್ನು ಸೊನ್ನೆ ಅಂತ ಹಿಡಿದರೂ ಹನ್ನೆರಡೇ. ಸಕ್ಕರೆ ಕಾಯಿಲೆಯ ಮನುಷ್ಯ ಹನ್ನೆರಡು ತಿನ್ನುವುದುಂಟೆ? ಸರಾಸರಿ ತೆಗೆದ, ಮೂರು ಬಂತು. ಮೂರು ಎಂಬ ಉತ್ತರ ಪೋಲಿನಲ್ಲೇ ಇರಲಿಲ್ಲ. ನಾಲ್ಕು ಒತ್ತಿದವರೆಲ್ಲ ನಿಜವಾಗಿ ಎಷ್ಟು ತಿಂದಾರು ಎಂದು ತಿಳಿಯಲು ಇನ್ನೊಂದು ಕಾಲಂ ಎಳೆದ. ನಾನು ಕಾಫಿ ತಂದುಕೊಟ್ಟೆ. ಬ್ಯಾಂಕಿಗೆ ಸಾಫ್ಟ್‌ವೇರ್ ಬರೆಯುವ ಗಂಡಸು ಒಬ್ಬ ಮುದುಕನ ಹೊಟ್ಟೆಯ ಮುಂದೆ ಸೋತು ಕೂತಿದ್ದ.

ಕೊನೆಗೆ ಬಾವಿಕಟ್ಟೆಗೇ ಹೋಗಿ ಕೇಳಿದ: ‘ದೊಡ್ಡಪ್ಪ, ನಾಲ್ಕಕ್ಕೂ ಒತ್ತೀಯಲ್ಲ, ಯಾವುದು ಹಿಡೀಲಿ?’

ದೊಡ್ಡಮಾವ ಬಾಯಿ ಮುಕ್ಕಳಿಸಿ ಉಗುಳಿದರು. ‘ಎಲ್ಲಾ ಕರೆಕ್ಟೇ ಐತಲ್ಲೋ. ಕೂತ ಕೂಡಲೇ ಬ್ಯಾಡ ಅಂತೀನಿ. ಹಾಕಿದ್ರ ಎರಡು. ಮತ್ತ ಬಂದ್ರ ನಾಲ್ಕು. ಒತ್ತಾಯ ಮಾಡಿದ್ರ ಆರು. ನೀನು ಎಷ್ಟು ಒತ್ತಾಯ ಮಾಡ್ತಿ ಅಂತ ನನಗೇನು ಗೊತ್ತು? ಅದನ್ನ ನೀನು ಹೇಳಬೇಕು.’

ಇಂಥ ಉತ್ತರಕ್ಕೆ ಎಕ್ಸೆಲ್ಲಿನಲ್ಲಿ ಕಾಲಂ ಇಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಇನ್ನೊಂದು ಅನಾಹುತವಾಗಿತ್ತು. ಸಿರುಗುಪ್ಪದ ಸೋದರತ್ತೆ ಗುಂಪು ಬಿಟ್ಟು ಹೋಗಿದ್ದರು. ಹೋಗುವ ಮುನ್ನ ಒಂದು ಧ್ವನಿ ಸಂದೇಶ: ‘ನಮ್ಮನ್ಯಾಗ ಎತ್ತಿಗೆ ಹುಲ್ಲು ಹಾಕೋವಾಗನೂ ಎಷ್ಟು ತಿಂತಿ ಅಂತ ಕೇಳಂಗಿಲ್ಲ.’ ತುಂಗಭದ್ರೆಯ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ಊರಿನವರು, ಎರಡು ಹೊತ್ತೂ ಅನ್ನ ಉಣ್ಣುವವರು. ಅವರಿಗೆ ರೊಟ್ಟಿಯ ಲೆಕ್ಕ ಕೇಳಿದ್ದು ಒಂದು ತಪ್ಪು, ಲೆಕ್ಕ ಕೇಳಿದ್ದೇ ಇನ್ನೊಂದು ತಪ್ಪು.

ಮರುದಿನ ಐವತ್ತು ಕಿಲೋಮೀಟರು ಮೀರಿದ ದಾರಿ ಹಿಡಿದು, ಕುಂಕುಮದ ಬಟ್ಟಲಿನ ಸಮೇತ ಸಿರುಗುಪ್ಪಕ್ಕೆ ಹೋದೆವು. ಸೋದರತ್ತೆ ಮಾತಾಡಲಿಲ್ಲ, ತಾಟು ಹಾಕಿದರು. ಬಿಸಿ ಅನ್ನ, ಬೇಳೆಯ ಪಪ್ಪು, ಉಪ್ಪಿನಕಾಯಿ. ಗಂಡ ‘ಸಾಕತ್ತೆ’ ಎಂದ, ಅನ್ನ ಬಿತ್ತು. ‘ಅಯ್ಯೋ ಸಾಕು’ ಎಂದ, ತುಪ್ಪ ಬಿತ್ತು. ಮೂರನೇ ಸಲ ಅವನು ತಾಟನ್ನೇ ಎತ್ತಿ ಎದೆಗೆ ಅವುಚಿಕೊಂಡಾಗ ಸೋದರತ್ತೆ ಬಾಯಿಬಿಟ್ಟರು: ‘ನೀನು ಎಷ್ಟು ತಿಂತಿ ಅಂತ ನಾನು ಕೇಳಿದೆನೇನೋ?’ ಇವನ ಕಣ್ಣಲ್ಲಿ ನೀರು. ಪಶ್ಚಾತ್ತಾಪವೋ ಉಪ್ಪಿನಕಾಯಿಯ ಖಾರವೋ, ನಾನು ವಿಚಾರಿಸಲಿಲ್ಲ. ಸಂಜೆ ಸೋದರತ್ತೆ ಗುಂಪಿಗೆ ವಾಪಸು ಸೇರಿದರು.

ಇತ್ತ ಸಂಗನಕಲ್ಲಿನಲ್ಲಿ ನಮ್ಮತ್ತೆ ಪೋಲನ್ನು ತೆರೆದೂ ನೋಡಿರಲಿಲ್ಲ. ‘ಕೈಕಟ್ಟಿ ಕೂತಿರಲಿ’ ಎಂಬ ಘೋಷಣೆಯನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ. ಅಮಾವಾಸ್ಯೆಯ ಹಿಂದಿನ ಮೂರು ದಿನ ಓಣಿಯ ಇಬ್ಬರು ಹೆಂಗಸರನ್ನು ಕರೆದು ರೊಟ್ಟಿಗೆ ಕೂತರು. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು, ಕೈ ಸುಡುವಷ್ಟು ಬಿಸಿಯಲ್ಲೇ ನಾದಿ, ಅಂಗೈಯಿಂದ ಪಟಪಟ ಬಡಿಯುತ್ತಾ ತಿರುಗಿಸಿದರೆ ಹಿಟ್ಟು ತಾನಾಗಿ ದುಂಡಗೆ ಹರಡುತ್ತದೆ. ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆ ಸವರಿ, ತಿರುವಿ, ಕೆಂಡದ ಪಕ್ಕ ನಿಲ್ಲಿಸಿದರೆ ಹೊಟ್ಟೆ ಉಬ್ಬಿಸಿಕೊಂಡು ಏಳುತ್ತದೆ. ಸಜ್ಜೆ ರೊಟ್ಟಿಗೆ ಮೇಲೆ ಎಳ್ಳು. ನಾನು ಬಡಿದದ್ದನ್ನು ಅತ್ತೆ ಎತ್ತಿ ಹಿಡಿದು ನೋಡಿ, ‘ಇದು ಗುಜರಾತ್ ಕಡೆ ಸ್ವಲ್ಪ ಹರಿದೈತಿ’ ಎಂದರು. ಮೊಮ್ಮಗಳ ಭೂಗೋಳ ಪುಸ್ತಕ ನೋಡಿದ್ದರ ಫಲ.

‘ಒಟ್ಟು ಎಷ್ಟಾತು ಅವ್ವ?’ ಎಂದು ಗಂಡ ಹಣಕಿ ಕೇಳಿದ.

‘ಬುಟ್ಟಿ ತುಂಬ್ಯಾವು.’

‘ಅಂದ್ರ ಎಷ್ಟು?’

‘ಎರಡು ಬುಟ್ಟಿ.’

ಹಬ್ಬದ ದಿನ ಟ್ರಾಕ್ಟರಿನಲ್ಲಿ ಹೊಲಕ್ಕೆ ಹೋದೆವು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಂಚ ಪಾಂಡವರೆಂದು ಪೂಜೆ ಮಾಡಿದರು. ಎಲ್ಲ ಅಡುಗೆಯನ್ನೂ ಕಲಸಿ ಹೊಲದ ಸುತ್ತ ಚರಗ ಚೆಲ್ಲಬೇಕು. ನನ್ನ ಗಂಡ ಬದು ಬದುವಿಗೂ ಸಮನಾಗಿ ಬರಲಿ ಎಂದು ಚಿಟಿಕೆ ಚಿಟಿಕೆಯಾಗಿ ಉದುರಿಸುತ್ತಿದ್ದ. ಸೋದರತ್ತೆ ಹಿಂದಿನಿಂದ, ‘ಭೂಮಿತಾಯಿಗೂ ಪೋಲ್ ಹಾಕೀಯೇನೋ?’ ಎಂದು ಕೂಗಿದರು. ಆಮೇಲೆ ಮುಷ್ಟಿ ತುಂಬ ಬಿತ್ತು.

ಹೊಲದಿಂದ ಹಿರೇಗುಡ್ಡ ಕಾಣುತ್ತದೆ. ಎರಡು ದಿನದ ಹಿಂದಷ್ಟೇ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯ ನೋಡಿ ಬಂದಿದ್ದ ಮಗಳು ಬಾಯಿಗೆ ಬಿಡುವು ಕೊಡಲಿಲ್ಲ. ಫೂಟ್ ಎಂಬಾತ 1872ರಲ್ಲೇ ಇಲ್ಲಿ ನವಶಿಲಾಯುಗದ ಊರಿನ ಗುರುತು ಹಿಡಿದದ್ದು, 1964–65ರಲ್ಲಿ ಅನ್ಸಾರಿ ಮತ್ತು ನಾಗರಾಜರಾವ್ ಅಗೆದು ನೋಡಿದ್ದು, ಗುಡ್ಡದ ಮೇಲೆ ಕಲ್ಲಿನ ಕೊಡಲಿ ಮಾಡುವ ಕಾರ್ಖಾನೆಯೇ ಇದ್ದದ್ದು, ಎಲ್ಲ ಹೇಳಿದಳು. ದೊಡ್ಡಮಾವ ತಲೆದೂಗಿ, ತಾಟಿನ ಕಡೆ ಕೈ ಬೀಸಿ ಭಾಷಣ ಶುರು ಮಾಡಿದರು: ‘ನೋಡವ್ವಾ, ಸಾವಿರಾರು ವರ್ಷದಿಂದ ನಮ್ಮ ಮಂದಿ ತಿಂದದ್ದು ಇದೇ. ಈ ಜೋಳ, ಈ ಸಜ್ಜಿ, ಈ ಶೇಂಗಾ, ಈ ಮೆಣಸಿನಕಾಯಿ. ಎಲ್ಲ ನಮ್ಮ ಮಣ್ಣಿಂದು.’

‘ಇಲ್ಲ ದೊಡ್ಡಜ್ಜ,’ ಎಂದಳು ಹತ್ತು ವರ್ಷದ ಹುಡುಗಿ, ಲವಲೇಶ ಕರುಣೆಯಿಲ್ಲದೆ. ‘ಜೋಳ, ಸಜ್ಜೆ ಎರಡೂ ಆಫ್ರಿಕಾದಿಂದ ಬಂದಿದ್ದು. ಶೇಂಗಾ, ಮೆಣಸಿನಕಾಯಿ ಅಮೆರಿಕದಿಂದ. ಪೋರ್ಚುಗೀಸರು ತಂದಿದ್ದು. ಗುಡ್ಡದ ಜನ ಮೊದಲು ತಿಂತಿದ್ದದ್ದು ಹುರುಳಿ, ಹೆಸರು.’

ತಾಟಿನಲ್ಲಿ ನಮ್ಮ ಮಣ್ಣಿನದಾಗಿ ಉಳಿದದ್ದು ಹೆಸರುಕಾಳಿನ ಉಸುಳಿ, ಹುರುಳಿ ಸಾರು, ಬದನೆಕಾಯಿ ಎಣ್ಣೆಗಾಯಿ. ಉಳಿದವೆಲ್ಲ ನಮ್ಮ ಹಾಗೆ ವಲಸೆಯವು. ಇನ್ನೇನು ದೊಡ್ಡಮಾವ ಸೋತರು ಎಂದುಕೊಂಡೆ. ಅವರು ರೊಟ್ಟಿಯ ಚೂರೊಂದನ್ನು ಎಣ್ಣೆಗಾಯಿಗೆ ಅದ್ದಿ ಬಾಯಿಗಿಟ್ಟು, ಪೂರ್ತಿ ಅಗಿದು, ನುಂಗಿ, ಆಮೇಲೆ ಹೇಳಿದರು: ‘ಬಂದ್ರ ಬರ್ಲಿ. ಬರೋ ಮುಂಚೆ ಜೋಳಕ್ಕ ಯಾರಾದ್ರೂ ಎಷ್ಟು ಮಂದಿ ಬರ್ತೀರಿ ಅಂತ ಕೇಳಿದ್ರೇನು?’

ಮಗಳು ಬಿಡಲಿಲ್ಲ. ಗುಡ್ಡದಲ್ಲಿ ಕೆಲವು ಕಲ್ಲುಗಳಿವೆ, ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಬರುತ್ತದೆ, ಆ ಕಾಲದವರು ಬಾರಿಸಿ ಬಾರಿಸಿ ಅವುಗಳಲ್ಲಿ ಗುಳಿ ಬಿದ್ದಿವೆ, ಪೂಜೆಗೋ ಕುಣಿತಕ್ಕೋ ಬಾರಿಸುತ್ತಿದ್ದರೇನೋ ಎಂದು ಓದಿದವರು ಹೇಳುತ್ತಾರೆ, ಎಂದಳು.

‘ಊಟಕ್ಕ ಕರಿಯಾಕ,’ ಎಂದು ದೊಡ್ಡಮಾವ ತೀರ್ಪು ಕೊಟ್ಟರು. ‘ಢಣ್ ಅಂತ ಬಾರಿಸೋದು. ಯಾರಿಗೆ ಕೇಳಸ್ತದೋ ಅವರು ಬರೋದು.’

ಆಮೇಲೆ ನಡೆದದ್ದೇ ಆ ದಿನದ ಮಹಾ ಅಪರಾಧ. ಎರಡನೇ ಸುತ್ತಿಗೆ ಬಡಿಸಲು ನನ್ನ ಗಂಡ ಹೊರಟ. ಆತಿಥೇಯ ತಾನೇ, ಟವೆಲ್ ಹೆಗಲಿಗೆ ಹಾಕಿಕೊಂಡಿದ್ದ. ದೊಡ್ಡಮಾವನ ಮುಂದೆ ಬಂದು ಬಗ್ಗಿ, ‘ರೊಟ್ಟಿ ಹಾಕ್ಲಾ ದೊಡ್ಡಪ್ಪ?’ ಎಂದ. ದೊಡ್ಡಮಾವ ತಾಟಿಗೆ ಅಂಗೈ ಅಡ್ಡ ಹಿಡಿದರು. ‘ಸಾಕಪ್ಪ.’

ಆ ಅಂಗೈಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೂರು ರೊಟ್ಟಿ ತೂರಿಸುವಷ್ಟು ಬೆರಳು ಅಗಲಿಸಿ ಹಿಡಿದ ಕೈ. ಹೆಬ್ಬೆರಳಂತೂ ತಾಟಿನಿಂದ ಪೂರ್ತಿ ಆಚೆ, ಬಾಗಿಲು ತೆರೆದು ನಿಂತ ಹಾಗೆ.

ನನ್ನ ಗಂಡ ‘ಸರಿ’ ಎಂದು ಮುಂದೆ ಹೋದ.

ಸರಿ ಅಂತೆ! ಸಾಲಿಗೆ ಸಾಲೇ ತಣ್ಣಗಾಯಿತು. ಕುರುಗೋಡಿನ ಸೋದರಮಾವ ತುತ್ತು ಎತ್ತಿದ ಕೈಯನ್ನು ಹಾಗೇ ಹಿಡಿದು ಕೂತರು. ದೊಡ್ಡಮಾವ ಅಂಗೈಯನ್ನು ಇನ್ನೂ ಅಡ್ಡ ಹಿಡಿದೇ ಇದ್ದರು. ಈಗ ಅದನ್ನು ತೆಗೆಯುವುದೋ ಬಿಡುವುದೋ ಅವರಿಗೂ ತಿಳಿಯಲಿಲ್ಲ. ಎಪ್ಪತ್ತೆಂಟು ವರ್ಷದಲ್ಲಿ ಅವರ ‘ಸಾಕು’ ಅನ್ನು ನಂಬಿದ ಮೊದಲ ಮನುಷ್ಯ ಇವನೇ ಇರಬೇಕು. ‘ಬೇಡ ಅಂದರೆ ಬೇಡ’ ಎಂದು ಮಗಳಿಗೆ ದಿನಾ ಹೇಳಿಕೊಡುವ ನಮ್ಮ ಮನೆಯ ಪಾಠ, ಸಂಗನಕಲ್ಲಿನ ಹೊಲದಲ್ಲಿ ಒಬ್ಬ ಹಿರಿಯನನ್ನು ಅರ್ಧ ಹೊಟ್ಟೆಯಲ್ಲಿ ಕೂರಿಸಿತ್ತು.

ಅತ್ತೆ ಬುಟ್ಟಿ ಎತ್ತಿಕೊಂಡು ಬಂದರು. ಕೇಳಲಿಲ್ಲ. ದೊಡ್ಡಮಾವನ ಅಂಗೈಯನ್ನು ಎಡಗೈಯಿಂದ ಮೆಲ್ಲಗೆ ಸರಿಸಿ, ಎರಡು ಸಜ್ಜೆ ರೊಟ್ಟಿ ಹಾಕಿದರು. ‘ಅಯ್ಯ ಬ್ಯಾಡವ್ವ’ ಎಂದರು ಮಾವ. ಬೆಣ್ಣೆ ಬಿತ್ತು. ‘ಎಲ್ಲಿ ತಿನ್ನೋದು’ ಎಂದರು, ಶೇಂಗಾ ಹೋಳಿಗೆ ಬಿತ್ತು. ಅವರ ದನಿಯಲ್ಲಿ ಜೀವ ಬಂತು. ಮಗಳು ದೂರದಲ್ಲಿ ಕೂತು ಗುಟ್ಟಾಗಿ ಎಣಿಸುತ್ತಿದ್ದಳು. ದೊಡ್ಡಜ್ಜ ಏಳು ತಿಂದರು. ಪೋಲಿನಲ್ಲಿ ಏಳು ಇರಲೇ ಇಲ್ಲ.

ಆಮೇಲೆ ಪಕ್ಕದ ಹೊಲದವರು ಬಂದರು, ದಾರಿಯಲ್ಲಿ ಹೋಗುತ್ತಿದ್ದ ಟ್ರಾಕ್ಟರಿನವರೂ ಇಳಿದರು. ನನ್ನ ಗಂಡನ ಲೆಕ್ಕದ ಮೂವತ್ತೊಂದು ಮಂದಿ ಎಷ್ಟಾದರೆಂದು ಅವನೂ ಎಣಿಸಲಿಲ್ಲ. ಸಾಯಂಕಾಲ ಬುಟ್ಟಿಯ ತಳದಲ್ಲಿ ಖಡಕ್ ರೊಟ್ಟಿಯ ಒಂದು ಕಟ್ಟು ಉಳಿದಿತ್ತು. ಅತ್ತೆ ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಚೀಲಕ್ಕಿಟ್ಟರು. ರೆಡಿಂಗಿನಲ್ಲಿ ಬಿಚ್ಚಿ ನೋಡಿದರೆ ಮೂರು ಜನಕ್ಕೆ, ದಿನಕ್ಕೊಂದರಂತೆ, ಹದಿನೈದು ದಿನಕ್ಕೆ ಸರಿಯಾಗಿ ನಲವತ್ತೈದು. ಲೆಕ್ಕವೇ ಬಾರದ ಹೆಂಗಸು!

ನಿನ್ನೆ ರಾತ್ರಿ ಗುಂಪಿನಲ್ಲಿ ಹೊಸ ಪೋಲ್ ಬಂತು. ಹಾಕಿದವರು ದೊಡ್ಡಮಾವ, ಬೆರಳು ಹಿಡಿದು ಒತ್ತಿಸಿದವರು ಯಾರೋ ಮೊಮ್ಮಕ್ಕಳು ಇರಬೇಕು.

‘ಮತ್ತ ಯಾವಾಗ ಬರ್ತೀರಿ? ಯುಗಾದಿಗೆ / ಪಂಚಮಿಗೆ / ದಸರಾಕ್ಕೆ / ಎಳ್ಳಮಾಸಿಗೆ.’

ಗಂಡ ಬಹಳ ಹೊತ್ತು ಫೋನ್ ಹಿಡಿದು ಕೂತ. ಅವನ ರಜೆ, ಮಗಳ ಸ್ಕೂಲು, ವಿಮಾನದ ಟಿಕೆಟ್ಟಿನ ದರ, ಎಲ್ಲ ನನಗೂ ಗೊತ್ತು, ಅವನಿಗೂ ಗೊತ್ತು. ಲ್ಯಾಪ್‌ಟಾಪ್ ತೆರೆಯಲಿಲ್ಲ.

ನಾಲ್ಕಕ್ಕೂ ಒತ್ತಿದ.