ವಾರಕ್ಕೆ ಕೊಟ್ಟ ಭಕ್ತಿ

ಡಿಸೆಂಬರ್ ಅರ್ಧ ಕಳೆಯಿತೆಂದರೆ ನಮ್ಮ ಬೇಲಿಗೆ ಬಿಡುವೇ ಇರುವುದಿಲ್ಲ. ಈ ಕಡೆ ನಮ್ಮ ತೋಟದ ಮನೆ, ಆ ಕಡೆ ಟೀಚರಮ್ಮನ ಮನೆ, ನಡುವೆ ಕತ್ತಾಳೆ ಸತ್ತು ತಂತಿ ಮಾತ್ರ ಉಳಿದ ಬೇಲಿ. ನಮ್ಮ ಕರ್ಜಿಕಾಯಿ ಅಚ್ಚು ಆ ಕಡೆ ದಾಟುತ್ತದೆ, ಅವರ ಚಕ್ಕುಲಿ ಒರಳು ಈ ಕಡೆ ಬರುತ್ತದೆ. ತಿಪಟೂರು ಸೀಮೆಯಲ್ಲಿ ಕ್ರಿಸ್ಮಸ್ ಬರಲಿ, ಯುಗಾದಿ ಬರಲಿ, ಕೊಬ್ಬರಿ ತುರಿಯದೆ ಯಾವ ಹಬ್ಬವೂ ಒಲೆ ಹತ್ತುವುದಿಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ ಟೀಚರಮ್ಮನ ಕರ್ಜಿಕಾಯಿ ಕೊಂಚ ತೆಳ್ಳಗಾಗಿತ್ತು. 2025ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 12,100 ರೂಪಾಯಿ. ಮಾರುಕಟ್ಟೆ ಅದರ ಎರಡು ಪಟ್ಟನ್ನೂ ದಾಟಿ ಹೋಯಿತು. ಬೆಲೆ ಬಿದ್ದಾಗ ಧಾರಾಳವಾಗಿ ತುರಿದು ತಿನ್ನುವ ನಾವು, ಬೆಲೆ ಎದ್ದಾಗ ಅಟ್ಟದ ಏಣಿ ಎತ್ತಿಟ್ಟುಕೊಳ್ಳುತ್ತೇವೆ. ವರ್ಷಕ್ಕೆ ಹತ್ತಿರ ಹತ್ತಿರ ಅಟ್ಟದ ಮೇಲೆ ಕೂತು ಒಣಗಿದ ಕಾಯಿ ಸುಲಿದು ಒಡೆದರೆ ಬರುವ ಆ ಗುಂಡು ಕೊಬ್ಬರಿ ಉತ್ತರದ ಕಡೆಗೆ ಲಾರಿ ಹತ್ತಿ, ನಾವು ಹೆಸರೇ ಕೇಳದ ದೇವರುಗಳ ಮುಂದೆ ಹೋಗಿ ಕೂರುತ್ತದೆ. ಬೆಳೆದವನ ಮನೆಯಲ್ಲಿ ಹೂರಣಕ್ಕೆ ಬರ.

ಆವತ್ತು ಟೀಚರಮ್ಮ ಬೇಲಿ ಹತ್ತಿರ ಬಂದಿದ್ದು ಹೂರಣದ ವಿಷಯಕ್ಕಲ್ಲ.

"ನಕ್ಷತ್ರ ಕಟ್ಟಿದ್ದಾಯ್ತಾ?" ಅಂದೆ.

"ಆಯ್ತು ಕಣಣ್ಣ. ಈ ಸಲ ಆನ್‌ಲೈನಿನಲ್ಲಿ ತರಿಸವ್ನೆ ಮಗ. ಅದಾಗದೇ ಬಣ್ಣ ಬದಲಾಯಿಸುತ್ತೆ. ಗಿಡಾನೂ ಪೆಟ್ಟಿಗೇಲಿ ಬಂತು, ಮಡಚೋದು. ಕೇಕೂ ಬೆಂಗಳೂರಿಂದ ಬರುತ್ತೆ. ಎಲ್ಲಾ ಬರುತ್ತೆ. ಬೆಳಗಿನ ಆರಾಧನೆಗೆ ಯಾರು ಬರ್ತೀರಪ್ಪಾ ಅಂತ ಫೋನಿನಲ್ಲಿ ಕೇಳಿದೆ. ನೆಟ್‌ವರ್ಕ್ ಹೋಯ್ತು."

ನೆಟ್‌ವರ್ಕಿಗೂ ಒಂದು ಸಮಯಪ್ರಜ್ಞೆ ಇದೆ ಅಂತ ನಾನು ನಕ್ಕೆ. ಅವರು ನಗಲಿಲ್ಲ. ಮೊದಲೆಲ್ಲ ಹಾಗಿರಲಿಲ್ಲವಂತೆ. ಅವರ ತಂದೆಯ ಕಾಲದಲ್ಲಿ ಹಬ್ಬದ ಹಿಂದಿನ ರಾತ್ರಿ ಲಾಟೀನು ಹಿಡಿದು ಮನೆ ಮನೆ ಮುಂದೆ ಕೀರ್ತನೆ ಹಾಡಿಕೊಂಡು ಹೋಗಿ, ಬಂದು ಎರಡು ಗಂಟೆ ಮಲಗಿ, ಕತ್ತಲಲ್ಲೇ ಎದ್ದು ತಣ್ಣೀರು ಸ್ನಾನ ಮಾಡಿ, ಮಕ್ಕಳು ಮರಿ ಸಮೇತ ದೇವಾಲಯಕ್ಕೆ ನಡೆಯುತ್ತಿದ್ದರಂತೆ. ಈಗ ಮಕ್ಕಳು 24ರ ರಾತ್ರಿ ಹನ್ನೊಂದಕ್ಕೆ ಕಾರಿಳಿಯುತ್ತಾರೆ, 25ರಂದು ಒಂಬತ್ತಕ್ಕೆ ಏಳುತ್ತಾರೆ, ಗಿಡದ ಮುಂದೆ ಕೆಂಪು ಟೋಪಿ ಹಾಕಿ ಫೋಟೊ ತೆಗೆದುಕೊಳ್ಳುತ್ತಾರೆ, ಊಟ ಮಾಡುತ್ತಾರೆ, 26ರಂದು ಟ್ರಾಫಿಕ್ ಶುರುವಾಗುವ ಮುಂಚೆ ಹೊರಡುತ್ತಾರೆ.

"ಹಬ್ಬ ಉಳೀತು, ಕರ್ತರು ಹೋದ್ರು," ಅಂದರು ಟೀಚರಮ್ಮ.

ಇದು ಹೊಸ ದೂರೇನಲ್ಲ. ಇದೇ ದೂರು ಜೋರಾಗಿ, 1647ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್ಮಸ್ಸನ್ನೇ ರದ್ದು ಮಾಡಿತ್ತು. ತಿನ್ನೋದು ಕುಡಿಯೋದೇ ಆಯಿತು, ಬೈಬಲಿನಲ್ಲಿ ತಾರೀಖೂ ಇಲ್ಲ, ಹಬ್ಬವೂ ಇಲ್ಲ, ಅಂಗಡಿ ತೆರೆಯಿರಿ ಅಂತ ಕಟ್ಟುನಿಟ್ಟು ಭಕ್ತರ ಅಪ್ಪಣೆ. ಆ ಡಿಸೆಂಬರಿನಲ್ಲೇ ಕ್ಯಾಂಟರ್ಬರಿ ಊರಿನ ಜನ ದೊಂಬಿ ಎದ್ದು, ತೆರೆದಿದ್ದ ಅಂಗಡಿಗಳನ್ನು ಚೆಲ್ಲಾಪಿಲ್ಲಿ ಮಾಡಿದರು. ಸಮುದ್ರದಾಚೆ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್ಮಸ್ ಮಾಡಿ ಸಿಕ್ಕಿಬಿದ್ದರೆ ಐದು ಶಿಲ್ಲಿಂಗ್ ದಂಡ. ದಂಡ ಹಾಕಿದವರು ನಾಸ್ತಿಕರಲ್ಲ, ಊರಿಗೆಲ್ಲ ಹೆಚ್ಚು ಬೈಬಲ್ ಓದಿದವರು. ಭಕ್ತಿ ಉಳಿಸಲು ಹಬ್ಬ ತೆಗೆದರೆ ಏನಾಗುತ್ತದೆ ಅಂತ ಒಂದು ಪ್ರಯೋಗ ನಡೆದು ಹೋಗಿದೆ. ಗೆದ್ದದ್ದು ಪಾಯಸದ ಪಕ್ಷ. ಇದನ್ನು ಹೇಳಿದರೆ ಟೀಚರಮ್ಮನಿಗೆ ಸಮಾಧಾನವಾಗಬಹುದು ಅಂದುಕೊಂಡೆ. "ಅವರು ದಂಡ ಹಾಕಿದ್ದು ಹಬ್ಬ ಮಾಡಿದ್ದಕ್ಕೆ. ನಾನು ಹಾಕಬೇಕಾಗಿರೋದು ಎದ್ದೇಳದೇ ಇರೋದಕ್ಕೆ," ಅಂದರು. ನಿವೃತ್ತಿಯಾದರೂ ಬೆತ್ತ ಕೆಳಗಿಟ್ಟಿಲ್ಲ.

ಪಾಯಸದ ಪಕ್ಷ ಈಗ ಲೋಕವನ್ನೇ ಆಳುತ್ತಿದೆ. ಅಮೆರಿಕದಲ್ಲಿ ಹತ್ತರಲ್ಲಿ ಒಂಬತ್ತು ಜನ ಕ್ರಿಸ್ಮಸ್ ಮಾಡುತ್ತಾರೆ. ಆದರೆ ಅದು ತಮಗೆ ಮುಖ್ಯವಾಗಿ ದೇವರ ಹಬ್ಬ ಎನ್ನುವವರು 2013ರಲ್ಲಿ ನೂರಕ್ಕೆ 51 ಇದ್ದದ್ದು 2017ಕ್ಕೆ 46ಕ್ಕೆ ಇಳಿದಿತ್ತು ಎಂದು ಅಲ್ಲಿನ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಕೊಟ್ಟಿದೆ. ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ ಇರುವ ಜಪಾನಿನಲ್ಲಿ ಕ್ರಿಸ್ಮಸ್ ಅಂದರೆ ಕರಿದ ಕೋಳಿ. 1974ರಲ್ಲಿ ಕೆಎಫ್‌ಸಿ ಕಂಪನಿ ಮಾಡಿದ ಜಾಹೀರಾತಿನ ಪುಣ್ಯ. ನಮ್ಮಲ್ಲೂ ಅಷ್ಟೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ನೂರಕ್ಕೆ ಎರಡೂ ಇಲ್ಲ. ಬೇಕರಿಯಲ್ಲಿ ಪ್ಲಮ್ ಕೇಕು ಕೊಳ್ಳುವವರ ಸಾಲು ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಆ ಸಾಲಿನಲ್ಲಿ ನಾನೂ ನಿಂತಿರುತ್ತೇನೆ.

ನಮ್ಮ ಜಿಲ್ಲೆಯ ಮಟ್ಟಿಗೆ ಈ ಹಬ್ಬ ಪೆಟ್ಟಿಗೆಯಲ್ಲಿ ಬಂದದ್ದಲ್ಲ. ಗುಬ್ಬಿ ಅಂದರೆ ಎಲ್ಲರಿಗೂ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ, ಸರಿಯೇ. ಅದಕ್ಕೂ ಎಷ್ಟೋ ಮುಂಚೆ, 1830ರ ದಶಕದ ಕೊನೆಗೆ, ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಬೀಡುಬಿಟ್ಟಿದ್ದರು. ಅವರ ಹಿಂದೆ ಬಂದ ವಿಲಿಯಂ ಆರ್ಥರ್ ಎಂಬ ತರುಣ ಪಾದ್ರಿ ಕನ್ನಡ ಕಲಿತು, ಈ ಊರುಗಳಲ್ಲಿ ಓಡಾಡಿ, ಆರೋಗ್ಯ ಕೆಟ್ಟು ಹಿಂತಿರುಗಿ, 1847ರಲ್ಲಿ ಮೈಸೂರು ಸೀಮೆಯ ಮೇಲೆ ಒಂದು ದಪ್ಪ ಪುಸ್ತಕವನ್ನೇ ಬರೆದರು. ಆ ಪಂಗಡದವರು ಆಡಂಬರದವರಲ್ಲ. ಉಪದೇಶ, ಪಾಠಶಾಲೆ, ಹಾಡು, ಇಷ್ಟೇ ಅವರ ಬಂಡವಾಳ. ಕರ್ಜಿಕಾಯಿ ಅವರು ತಂದದ್ದಲ್ಲ, ಇಲ್ಲಿನ ಹೆಂಗಸರು ಸೇರಿಸಿದ್ದು. ಟೀಚರಮ್ಮನ ಮನೆಯ ಹಬ್ಬದಲ್ಲಿ ಹಾಡು ಆ ಕಡೆಯದು, ಹೂರಣ ಈ ಕಡೆಯದು. ಈಗ ಹಾಡು ಬಿದ್ದುಹೋಗಿ ಹೂರಣ ಒಂದೇ ಉಳಿಯುತ್ತದಲ್ಲ ಅನ್ನುವುದು ಅವರ ಸಂಕಟ.

ಇಷ್ಟೆಲ್ಲ ಮಾತಾಗುವಾಗ ನಮ್ಮಾಕೆ ಹಿತ್ತಲಲ್ಲಿ ಎಡೆಮಟ್ಟೆ ಎಳೆದು ಹಾಕುತ್ತಾ ಇದ್ದವಳು ಒಂದು ಮಾತು ಎಸೆದಳು: "ಅಕ್ಕಾ, ನಿಮ್ಮ ಮಕ್ಕಳನ್ನ ಅಂತೀರಲ್ಲ, ಇವರನ್ನ ಕೇಳಿ. ಧನುರ್ಮಾಸದಾಗೆ ಒಂದಿನ ಎದ್ದವ್ರಾ?"

ಕ್ರಿಸ್ಮಸ್ ಯಾವತ್ತೂ ಧನುರ್ಮಾಸದ ಹೊಟ್ಟೆಯೊಳಗೇ ಬರುತ್ತದೆ. ಡಿಸೆಂಬರ್ 16ರ ಸುಮಾರಿಗೆ ಶುರುವಾದರೆ ಸಂಕ್ರಾಂತಿವರೆಗೆ ದೇವಸ್ಥಾನಗಳಲ್ಲಿ ಇನ್ನೂ ನಕ್ಷತ್ರ ಮರೆಯಾಗದ ಹೊತ್ತಿಗೆ ಪೂಜೆ. ನಮ್ಮಾಕೆ ನಾಲ್ಕೂವರೆಗೆ ಎದ್ದು, ತಲೆಗೆ ಸೆರಗು ಬಿಗಿದು, ಒಂದು ಡಬ್ಬಿ ಹಿಡಿದು ಹೋಗುತ್ತಾಳೆ. ಬರುವಾಗ ಡಬ್ಬಿಯಲ್ಲಿ ಬಿಸಿ ಹುಗ್ಗಿ. ನಾನು ಹಾಸಿಗೆಯಿಂದ ನೇರವಾಗಿ ಹುಗ್ಗಿಗೆ ಏಳುತ್ತೇನೆ; ಕಣ್ಣಿಗೊತ್ತಿಕೊಂಡು ತಿನ್ನುತ್ತೇನೆ, ಅಷ್ಟರ ಮಟ್ಟಿಗೆ ಆಸ್ತಿಕ. ನಮ್ಮ ಮನೆಯಲ್ಲಿ ಧನುರ್ಮಾಸ ನಡೆಯುತ್ತದೆ ಅಂತ ಹೊರಗೆ ಹೇಳಿಕೊಳ್ಳುವವನೂ ನಾನೇ.

ಆಗ ನನಗೆ ಹೊಳೆದದ್ದು ಇದು. ನಮ್ಮ ಕಡೆ ಊರು ಬಿಟ್ಟವರು ತೋಟವನ್ನು ವಾರಕ್ಕೆ ಕೊಡುತ್ತಾರೆ. ಮಾಡುವವನು ಯಾರೋ, ಪಾಲು ಮಾತ್ರ ತಪ್ಪದೆ ಮನೆ ಸೇರುತ್ತದೆ. ಎಲ್ಲ ಮನೆಗಳಲ್ಲೂ ದೇವರ ಕೆಲಸ ನಡೆಯುತ್ತಿರುವುದು ಹೀಗೇ. ಮನೆಗೊಬ್ಬರು ವಾರದಾರರು. ಅಜ್ಜಿಯೋ, ಅತ್ತೆಯೋ, ಹೆಚ್ಚಾಗಿ ಮಂಡಿನೋವು ಇರುವ ಯಾರೋ ಒಬ್ಬ ಹೆಂಗಸು. ಏಳುವವರು ಅವರು, ಉಪವಾಸ ಇರುವವರು ಅವರು, ಹರಕೆ ಯಾವುದಿತ್ತು ಅಂತ ನೆನಪಿಟ್ಟುಕೊಳ್ಳುವವರು ಅವರು. ಉಳಿದವರಿಗೆ ಪಾಲು ಬರುತ್ತದೆ: ಕೇಕೋ, ಹುಗ್ಗಿಯೋ, 'ನಮ್ಮನೇಲಿ ಎಲ್ಲಾ ಪದ್ಧತಿ ಪ್ರಕಾರ' ಅನ್ನುವ ಹೆಮ್ಮೆಯೋ. ಟೀಚರಮ್ಮನ ಮಗನಿಗೆ ನಂಬಿಕೆ ಇಲ್ಲ ಅಂತ ಹೇಳಲಾರೆ. ಅವನು ಅದನ್ನು ತಾಯಿಯ ಹತ್ತಿರ ಬಿಟ್ಟು ಬೆಂಗಳೂರಿಗೆ ಹೋಗಿದ್ದಾನೆ, ಅಷ್ಟೆ. ಪರೀಕ್ಷೆ, ಆಪರೇಷನ್ನು, ವೀಸಾ ಅಂತ ಬಂದಾಗ ಅವನು ಮೊದಲು ಮಾಡುವ ಫೋನು ಊರಿಗೆ: "ಅಮ್ಮ, ಪ್ರಾರ್ಥನೆ ಮಾಡ್ಕೊ."

ಹೇಳಿದೆ. ಟೀಚರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗೆ ನೋಡಿದ್ರೆ ಆವತ್ತೂ ಅದೇ ಕಥೆ ಕಣಣ್ಣ," ಅಂದರು. ಲೂಕನ ಸುವಾರ್ತೆಯ ಎರಡನೇ ಅಧ್ಯಾಯ. ಬೆತ್ಲೆಹೇಮಿನಲ್ಲಿ ಜನಗಣತಿಗೆ ಬಂದವರ ಜಾತ್ರೆ, ಛತ್ರದಲ್ಲಿ ಜಾಗವಿಲ್ಲ. ದೇವದೂತ ಬಂದು ಸುದ್ದಿ ಹೇಳಿದ್ದು ಊರಾಚೆ ಹೊಲದಲ್ಲಿ ಕುರಿ ಕಾಯುತ್ತ ಎದ್ದಿದ್ದ ನಾಲ್ಕು ಕುರುಬರಿಗೆ. "ಉಳಿದ ಊರೆಲ್ಲ ನಮ್ಮ ಮಗನ ಥರ ಮಲಗಿತ್ತು."

ಕುರುಬರು ಎಷ್ಟು ಜನ ಅಂತ ಬೈಬಲ್ಲು ಹೇಳಿಲ್ಲ ಟೀಚರಮ್ಮ, ಅಂತ ತಿದ್ದಬಹುದಿತ್ತು. ಮೇಷ್ಟ್ರುಗಳನ್ನು ತಿದ್ದುವುದು ನಮ್ಮ ಮನೆತನದಲ್ಲಿಲ್ಲ.

ಆದರೂ 24ರ ರಾತ್ರಿ ಅವರ ಮನೆಯಲ್ಲಿ ಪ್ರಾರ್ಥನೆ ನಡೆಯಿತು. ನಾವೂ ಹೋಗಿದ್ದೆವು. ಕೇಕು ಕತ್ತರಿಸುವ ಮೊದಲು ಒಂದು ಕೀರ್ತನೆ ಆಗಲಿ ಅಂತ ಟೀಚರಮ್ಮ ಶುರು ಮಾಡಿದರು. ಎರಡನೇ ಸಾಲಿಗೆ ಅವರೊಬ್ಬರೇ ಉಳಿದರು. ಮಗ ತುಟಿ ಆಡಿಸಿದ, ಮೊಮ್ಮಗಳು ಕೇಕು ನೋಡಿದಳು. ನಾನಂತೂ ಚಪ್ಪಾಳೆಗೆ ಸೇರಿದವನು. ಆಗ ಮೊಮ್ಮಗಳಿಗೆ "ನಿಂಗೆ ಯಾವುದು ಬರುತ್ತೋ ಅದನ್ನೇ ಹೇಳು ಮಗಾ" ಅಂದರೆ, ಅವಳು ಶಾಲೆಯಲ್ಲಿ ಕಲಿತ 'ಕರುಣಾಳು' ಎತ್ತಿಕೊಂಡಳು. ನಮ್ಮಾಕೆ ದನಿಗೂಡಿಸಿದಳು, ನಾನೂ ಸೇರಿಕೊಂಡೆ, ಮಗನಿಗೂ ಬಾಯಿ ಬಂತು. ಇಡೀ ಮನೆ ಹಾಡಿತು. ನನ್ನ ಶ್ರುತಿಯ ವಿಷಯ ಬೇಡ.

ಮುಗಿದ ಮೇಲೆ ಮಗ ಕೊಂಚ ಅಳುಕಿನಿಂದ, "ಇದು ಚರ್ಚಿನ ಹಾಡಲ್ಲವಲ್ಲಮ್ಮ, ಸ್ಕೂಲಿಂದು," ಅಂದ. ಟೀಚರಮ್ಮನ ಮುಖದಲ್ಲಿ ಆಗ ಬಂದ ಖುಷಿ ನೋಡಬೇಕಿತ್ತು. ಮೂವತ್ತು ಮಕ್ಕಳ ತರಗತಿಗೆ ಮತ್ತೆ ನಿಂತ ಹಾಗೆ. ಆ ಹಾಡನ್ನು ಬರೆದವರು ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲೆಂಡಿನ ಪಾದ್ರಿ. 1833ರಲ್ಲಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಮನೆಗೆ ಹೊರಟರೆ, ಕಿತ್ತಳೆ ಹೇರಿಕೊಂಡ ದೋಣಿ ಗಾಳಿಯಿಲ್ಲದೆ ನಡು ಸಮುದ್ರದಲ್ಲಿ ನಿಂತುಬಿಟ್ಟಿತು. ಅಲ್ಲಿ ಕೂತು ಬರೆದದ್ದು. ಅದನ್ನು ಕನ್ನಡಕ್ಕೆ ತಂದವರು ಬಿ.ಎಂ. ಶ್ರೀಕಂಠಯ್ಯನವರು, 'ಇಂಗ್ಲಿಷ್ ಗೀತಗಳು' ಪುಸ್ತಕದಲ್ಲಿ. ಬಿ.ಎಂ.ಶ್ರೀ. ಹುಟ್ಟಿದ್ದು ಎಲ್ಲಿ? 1884ರಲ್ಲಿ, ಇಲ್ಲೇ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ಪಾದ್ರಿಯ ಮೊರೆ ನಮ್ಮ ಪಕ್ಕದ ತಾಲ್ಲೂಕಿನವರ ಕೈಯಲ್ಲಿ ಕನ್ನಡವಾಗಿ, ಜಾತಿ ಮತ ಕೇಳದೆ ಎಷ್ಟೋ ಶಾಲೆಗಳ ಬೆಳಗಿನ ಪ್ರಾರ್ಥನೆಯಾಯಿತು. ನ್ಯೂಮನ್ ಆಮೇಲೆ ಕಾರ್ಡಿನಲ್ ಆದರು, 2019ರಲ್ಲಿ ಪೋಪರು ಅವರನ್ನು ಸಂತರೆಂದು ಸಾರಿದರು. ನಾವು ಸಾಲಾಗಿ ನಿಂತು, ಹಿಂದಿನವನನ್ನು ಚಿವುಟುತ್ತಾ, ಸಂತರೊಬ್ಬರ ಪ್ರಾರ್ಥನೆ ಹೇಳುತ್ತಿದ್ದೆವು ಅಂತ ಯಾರಿಗೆ ಗೊತ್ತಿತ್ತು?

ಆ ಹಾಡಿನಲ್ಲಿ ಯೇಸುವಿನ ಹೆಸರಿಲ್ಲ, ಅದಕ್ಕೇ ಎಲ್ಲರೂ ಹಾಡುತ್ತಾರೆ ಅಂತ ಮಗ ವಾದ ತೆಗೆದ. ಇರಬಹುದು. ಆದರೆ ಕತ್ತಲೆಯಲ್ಲಿ ದಾರಿ ಕೇಳಿಕೊಳ್ಳುವುದಕ್ಕೆ ಅದು ಸಾಕು ಅನ್ನಿಸಿದವರು ಅವತ್ತು ಆ ಕೋಣೆಯಲ್ಲಿ ಇದ್ದವರೆಲ್ಲ. ಹೆಸರಿಟ್ಟು ಕರೆಯಬೇಕು ಅನ್ನುವವರು ಟೀಚರಮ್ಮ. ಅವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಹೆಸರಿಲ್ಲದ ಭಕ್ತಿ ಹಾಡಲು ಸುಲಭ, ಅದಕ್ಕಾಗಿ ಐದು ಗಂಟೆಗೆ ಯಾರೂ ಎದ್ದದ್ದು ನಾನು ಕಂಡಿಲ್ಲ.

ಐದು ಗಂಟೆಗೆ ಎದ್ದವರು ಯಾರು ಅನ್ನುವುದೇ ಆಮೇಲಿನ ಸೋಜಿಗ. ಬೆಳಿಗ್ಗೆ ನಮ್ಮಾಕೆ ಹುಗ್ಗಿ ಡಬ್ಬಿ ಹಿಡಿದು ಗೇಟು ತೆರೆದರೆ, ಪಕ್ಕದ ಗೇಟಿನಲ್ಲಿ ಟೀಚರಮ್ಮನ ಜೊತೆ ಸೊಸೆ ನಿಂತಿದ್ದಾಳೆ, ತಲೆ ಬಾಚಿ, ಹೂ ಮುಡಿದು. ಮಗ ಒಳಗೆ ಗೊರಕೆ. ಆ ಹುಡುಗಿ ಚಿಕ್ಕನಾಯಕನಹಳ್ಳಿ ಕಡೆಯವಳು, ಅವಳ ತವರು ಚರ್ಚಿನ ಮನೆಯಲ್ಲ, ಮೆಚ್ಚಿ ಮದುವೆಯಾದವರು. "ನೀನು ಯಾಕವ್ವ ಇಷ್ಟೊತ್ತಿಗೆ?" ಅಂದಿದ್ದಕ್ಕೆ, "ಚಿಕ್ಕೋಳಿದ್ದಾಗಿಂದ ಧನುರ್ಮಾಸಕ್ಕೆ ಅಜ್ಜಿ ಎಬ್ಬಿಸ್ತಿದ್ರು ಆಂಟಿ. ಈ ತಿಂಗಳಾಗೆ ನಿದ್ದೆ ತಾನಾಗೇ ಹೋಗುತ್ತೆ. ಅತ್ತೆ ಒಬ್ರೇ ಹೋಗ್ತಾರೆ, ಕತ್ತಲು ಬೇರೆ," ಅಂದಳಂತೆ. ಅವಳಿಗೆ ಎಷ್ಟು ನಂಬಿಕೆಯೋ, ಎಷ್ಟು ಅತ್ತೆಯ ಮೇಲಿನ ಮರುಕವೋ, ಬೇರೆ ಮಾಡಿ ನೋಡಲು ನನಗೆ ಬರುವುದಿಲ್ಲ. ಟೀಚರಮ್ಮ ಮಾತ್ರ ಅವಳ ಕೈ ಹಿಡಿದು ನಡೆದ ರೀತಿ ನೋಡಿದರೆ, ವಾರಕ್ಕೆ ಹೊಸ ಆಳು ಸಿಕ್ಕಿತು ಅಂತ ಲೆಕ್ಕ ಹಾಕಿಬಿಟ್ಟಿದ್ದರು ಅನ್ನಿಸುತ್ತದೆ ಅಂತ ನಮ್ಮಾಕೆಯ ವರದಿ.

ಅದನ್ನು ಕೇಳುತ್ತ ನಾನು ಹುಗ್ಗಿಗೆ ಕೈ ಹಾಕಿದ್ದೆ. "ನಮ್ಮ ಮನೇಲಿ ನೀನಾದ್ಮೇಲೆ ಯಾರು?" ಅಂದೆ, ತಮಾಷೆಗೆ.

"ನಾನಾದ್ಮೇಲೆ ಯಾಕೆ? ನಿನ್ನೆ ಡಾಕ್ಟ್ರು ಮಂಡಿಗೆ ಹದಿನೈದು ದಿನ ಮೆಟ್ಟಿಲು ಹತ್ತಬೇಡಿ ಅಂದವ್ರೆ," ಅಂತ ಅವಳು ಡಬ್ಬಿಯ ಮುಚ್ಚಳವನ್ನು ನನ್ನ ಕಡೆ ಜರುಗಿಸಿದಳು. "ನಾಳೆಯಿಂದ ನೀವೇ. ನಾಲ್ಕೂವರೆಗೆ. ತಣ್ಣೀರು ಸ್ನಾನ. ಡಬ್ಬಿ ತೊಳೆದು ಒಯ್ಯಿರಿ."