ಕುಂಡದಲ್ಲಿರುವ ಕ್ರೋಟನ್ನಿನ ಹೇಳಿಕೆ

ಕ್ರೋಟನ್ ವರ್ಷವಿಡೀ ಎಲೆ ಹೊತ್ತು ನಿಲ್ಲುವ ಪೊದೆಗಿಡ. ಎಲೆಗಳ ಮೇಲೆ ಹಳದಿ, ಕಿತ್ತಳೆ, ಕೆಂಪು ಬಣ್ಣದ ಗೆರೆ, ಮಚ್ಚೆಗಳಿರುತ್ತವೆ. ಸರ್ಕಾರಿ ಕಚೇರಿಯ ಮೆಟ್ಟಿಲ ಬದಿಯಲ್ಲಿ, ಕೆಮ್ಮಣ್ಣು ಬಳಿದ ಕುಂಡದಲ್ಲಿದ್ದ ಇಂಥದೊಂದು ಗಿಡ ಕೊಟ್ಟ ಸಂದರ್ಶನದ ವಿವರ ಇದು.

ಹುಟ್ಟೂರು ಕೇಳಿದಾಗ ಗಿಡ ಇಂಡೊನೇಷ್ಯಾ, ಮಲೇಷ್ಯಾ, ಆಸ್ಟ್ರೇಲಿಯಾದ ಉತ್ತರ ಭಾಗ, ಪೆಸಿಫಿಕ್ ದ್ವೀಪಗಳು ಎಂದು ಬರೆಸಿತು. 1753ರಲ್ಲಿ ಲಿನೇಯಸ್ ಅದನ್ನು ಕ್ರೋಟನ್ ಕುಲಕ್ಕೆ ಸೇರಿಸಿದ. ಆಮೇಲೆ ಸಸ್ಯವಿಜ್ಞಾನಿಗಳು ಕೋಡಿಯಮ್ ಕುಲಕ್ಕೆ ವರ್ಗ ಮಾಡಿದರು. ಆ ಆದೇಶ ನರ್ಸರಿಗಳಿಗೆ ಇನ್ನೂ ತಲುಪಿಲ್ಲ. ಭೇದಿಗೆ ಹೆಸರಾದ ಜಾಪಾಳ ಅಸಲಿ ಕ್ರೋಟನ್ ಕುಲದ್ದು. ಹರಳು, ಮರಗೆಣಸುಗಳ ಹಾಗೆ ಅದೂ ದೂರದ ನೆಂಟ ಎಂದು ಗಿಡ ಒಪ್ಪಿಕೊಂಡಿತು. ಹೆಚ್ಚು ವಿಚಾರಿಸಬಾರದೆಂದೂ ಕೋರಿತು.

ನರ್ಸರಿಯಲ್ಲಿ ಕೆಂಪಗಿದ್ದದ್ದು ಮನೆಗೆ ಬಂದೊಡನೆ ಹಸಿರಾಗುವುದೇಕೆ ಎಂಬುದು ಮುಖ್ಯ ಪ್ರಶ್ನೆಯಾಗಿತ್ತು. ಕುಂಡ ಎಲ್ಲಿಟ್ಟಿದ್ದೀರಿ ಎಂದು ಗಿಡವೇ ಕೇಳಿತು. ಟಿವಿ ಪಕ್ಕದಲ್ಲಿ, ಪರದೆ ಹಿಂದೆ ಎಂಬ ಉತ್ತರ ಬಂತು. ಎಲೆಯ ಕೆಂಪು ಆಂಥೋಸಯನಿನ್‌ನದು, ಹಳದಿ ಕ್ಯಾರೊಟಿನಾಯ್ಡ್‌ಗಳದು. ಬೆಳಕು ಕಡಿಮೆಯಾದರೆ ಕೆಂಪು ಕುಗ್ಗಿ ಪತ್ರಹರಿತ್ತು ಮೇಲಾಗುತ್ತದೆ. ದಿನಕ್ಕೆ ನಾಲ್ಕಾರು ಗಂಟೆ ಬಿಸಿಲು ಬೇಕು. ನೆರಳಿನಲ್ಲಿದ್ದದ್ದನ್ನು ಒಮ್ಮೆಗೇ ಉರಿಬಿಸಿಲಿಗೆ ತಂದರೆ ಎಲೆ ಸುಡುತ್ತದೆ, ಹಂತಹಂತವಾಗಿ ತರಬೇಕು. ಬಿಸಿಲು ಕೊಡದೆ ಬಣ್ಣ ಕೇಳುವವರು ಅನುದಾನ ಕೊಡದೆ ಪ್ರಗತಿ ವರದಿ ಕೇಳುವ ಇಲಾಖೆಯಂತೆ ಎಂಬ ಟೀಕೆಯನ್ನು, ಕಚೇರಿಯ ಆವರಣದಲ್ಲೇ ನಿಂತಿರುವ ಗಿಡವಾದ್ದರಿಂದ, ಅನುಭವದ ಮಾತೆಂದೇ ತಿಳಿಯಬೇಕು.

ಮಂತ್ರಿಗಳ ಭೇಟಿಯ ದಿನ ಕುಂಡವನ್ನು ಒಳಗೆ ಒಯ್ಯುತ್ತಾರೆ, ಮರುದಿನ ಹೊರಗೆ. ಬೆಳಕು, ಶಾಖ, ತೇವ ಥಟ್ಟನೆ ಬದಲಾದರೆ ಕ್ರೋಟನ್ ಎಲೆ ಉದುರಿಸುತ್ತದೆ. ಇದನ್ನು ಬಾಯಾರಿಕೆ ಎಂದು ಭಾವಿಸಿ ಜವಾನ ಒಂದು ಬಕೆಟ್, ಗುಮಾಸ್ತ ಇನ್ನೊಂದು ಬಕೆಟ್ ನೀರು ಸುರಿದರೆ ಬೇರು ಕೊಳೆಯುತ್ತದೆ. ಎಲೆ ಹೋದರೂ ಕಾಂಡ ಉಗುರಿನಿಂದ ಕೆರೆದಾಗ ಹಸಿರಿದ್ದರೆ ಗಿಡ ಬದುಕಿದೆ. ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರು ಹಾಕಿ, ಇದ್ದಲ್ಲೇ ಬಿಟ್ಟರೆ ಚಿಗುರುತ್ತದೆ. ಕೆಂಪುಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿದ, ನೀರು ಬಸಿಯುವ ಕುಂಡ ಸಾಕು.

ಸಂತಾನದ ಬಗ್ಗೆ ಗಿಡ ನಿಷ್ಠುರವಾಗಿತ್ತು. ಬೀಜದ ಮಕ್ಕಳು ತಾಯಿಯ ಬಣ್ಣ ಹೊತ್ತು ಬರುವ ಭರವಸೆಯಿಲ್ಲ. ಅದೇ ಬಣ್ಣ ಬೇಕಾದರೆ ಕಡ್ಡಿ ನೆಡಬೇಕು, ಇಲ್ಲವೇ ಗೂಟಿ ಕಟ್ಟಬೇಕು. ಕತ್ತರಿಸಿದಾಗ ಒಸರುವ ಹಾಲು ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಬಟ್ಟೆಗೆ ಹೋಗದ ಕಲೆ ಮಾಡುತ್ತದೆ. ಎಲೆ ಜಗಿಯುವ ಮಕ್ಕಳನ್ನೂ ನಾಯಿಗಳನ್ನೂ ದೂರವಿಡಬೇಕು.

ಕೀಟಬಾಧೆಗೆ ಗಿಡ ಹೇಳಿದ ಮದ್ದು ಇಷ್ಟು: ಹಿಟ್ಟು ತಿಗಣೆಗೆ ಸಾಬೂನು ನೀರಿನಲ್ಲಿ ಬೆರೆಸಿದ ಬೇವಿನೆಣ್ಣೆ. ಒಣ ಹವೆಯಲ್ಲಿ ನುಸಿ ಬಂದರೆ ಎಲೆಯ ಅಡಿಭಾಗ ತೊಳೆಯುವುದು.

ಹೂವಿನ ಪ್ರಶ್ನೆಗೆ, ತೆನೆಯಂಥ ಗೊಂಚಲಿನಲ್ಲಿ ಪುಟ್ಟ ಹೂಗಳು ಬರುತ್ತವೆ, ಯಾರೂ ನೋಡುವುದಿಲ್ಲ ಎಂದಷ್ಟೇ ಹೇಳಿತು. ನೆಲದಲ್ಲಿ ಗಿಡ ಮೂರು ಮೀಟರ್‌ವರೆಗೂ ಏರುವುದರಿಂದ ಕುಡಿ ಚಿವುಟುತ್ತಿರಬೇಕು. ಸವರಿದ ಎಲೆಗಳು ಸನ್ಮಾನದ ಹೂಗುಚ್ಛಕ್ಕೆ ಹೋಗುತ್ತವೆ. ಹೂ ಬಾಡಿದ ಮೇಲೂ ಅವು ಹಾಗೇ ಇರುತ್ತವೆ ಎಂಬುದನ್ನು ಕಡತದಲ್ಲಿ ದಾಖಲಿಸಬೇಕೆಂದು ಗಿಡ ಕೋರಿದೆ.